ರಾಮಾಚಾರಿಯ ಮದುವೆ ಊಟ

ಕೋರಮಂಡಲ್ ಅಂದ ಕೂಡಲೇ ನಿಮಗೆ ಕಡಲತೀರವೋ ಎಕ್ಸ್‌ಪ್ರೆಸ್ ರೈಲೋ ನೆನಪಾದರೆ ತಪ್ಪು ನಿಮ್ಮದಲ್ಲ. ಈ ಕೋರಮಂಡಲ್ ಬೇರೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ದಾರಿಯಲ್ಲಿ ಸಿಗುವ ಸ್ಟೇಷನ್ನು. ಕಡಲಿಲ್ಲ, ನೀರೆಲ್ಲ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಗಳ ತಳದಲ್ಲಿದೆ.

(ಒಂದು ಮನೆಯ ಅಂಗಳ. ಬೇವಿನ ಮರದಿಂದ ಕಿಟಕಿ ಸಜ್ಜದ ತನಕ ಕಪ್ಪು ವೈರು. ಅದರ ಮೇಲೆ ಎರಡು ಒದ್ದೆ ಸೀರೆ, ಒಂದು ಪಂಚೆ. ಜಗಲಿಯಲ್ಲಿ ಕೃಷ್ಣಪ್ಪ, ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರು; ಪಕ್ಕದಲ್ಲಿ ಹೆಂಡತಿ ನಾಗರತ್ನಮ್ಮ. ಏಣಿ ಹೊತ್ತು ಮುನಿರಾಜು ಬರುತ್ತಾನೆ. ಒಂದು ಕಾಲದ ಕೇಬಲ್ ಮುನಿರಾಜು, ಈಗ ಮೊಬೈಲ್ ರೀಚಾರ್ಜ್ ಮುನಿರಾಜು.)

ಮುನಿರಾಜು: ನಾಗರತ್ನಕ್ಕಾ, ಸೀರೆ ಸ್ವಲ್ಪ ತಗೀರಿ.

ನಾಗರತ್ನಮ್ಮ: ಏನಂದೆ?

ಮುನಿರಾಜು: ಅಯ್ಯೋ, ವೈರ್ ಮೇಲಿನ ಸೀರೆ ಅಕ್ಕಾ! ಅದು ನನ್ನ ಕೇಬಲ್ಲು. 94ರಲ್ಲಿ ನಾನೇ ಎಳೆದಿದ್ದು. ಬಿಚ್ಚಿ ಗುಜರಿಗೆ ಹಾಕ್ತೀನಿ. ಒಳಗೆ ತಾಮ್ರ ಐತೆ.

ನಾಗರತ್ನಮ್ಮ: ಊರಲ್ಲಿ ಬಂಗಾರ ಮುಗೀತು, ಈಗ ತಾಮ್ರಕ್ಕೆ ಬಂದ್ಯಾ? ಮುಟ್ಟಿದ್ರೆ ಕೈ ಮುರೀತೀನಿ. ನಂಗೆ ಬಟ್ಟೆ ಒಣಗಾಕೋಕೆ ಇರೋದು ಅದೊಂದೇ.

ಮುನಿರಾಜು: ಹಂಗಾದ್ರೆ ಬಾಕಿ ಕೊಡಿ. (ಜೇಬಿಂದ ಹಳದಿಯಾದ ಪಾಕೆಟ್ ಡೈರಿ ತೆಗೆದು) ಮಾರ್ಚ್ 2001ರಿಂದ ಆಗಸ್ಟ್ ತನಕ. ತಿಂಗಳಿಗೆ 60. ಒಟ್ಟು 360.

ನಾಗರತ್ನಮ್ಮ: ಲೋ, ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ಮಾರ್ಚಲ್ಲಿ ಯಾರ ಮನೇಲಿ ಸಂಬಳ ಇತ್ತೋ? ಅಕ್ಕಿಗೇ ಇಲ್ಲ, ನಿನ್ನ ಕೇಬಲ್ಲಿಗೆ ಎಲ್ಲಿಂದ ತರೋದು?

ಮುನಿರಾಜು: ಅದಕ್ಕೇ ನಾನು ಕಟ್ ಮಾಡ್ಲಿಲ್ವಲ್ಲ! ಕಟ್ ಮಾಡೋಕಂತ ಕತ್ತರಿ ಹಿಡ್ಕೊಂಡು ಬಂದಿದ್ದೆ. ನೋಡಿದ್ರೆ ಇಡೀ ಲೈನಿನ ಗಂಡಸರೆಲ್ಲ ಹಗಲು ಹೊತ್ನಾಗೆ ಟಿವಿ ಮುಂದೆ ಕೂತವ್ರೆ. ಯಾವತ್ತೂ ಹಗಲು ಕಂಡೋರಲ್ಲ. ಕಾಫಿ ಕುಡ್ಕೊಂಡು ವಾಪಸ್ ಹೋದೆ.

ಕೃಷ್ಣಪ್ಪ: ಅವತ್ತು ಕಾಫಿಗೆ ಸಕ್ಕರೆ ಇರ್ಲಿಲ್ಲ. ಬೆಲ್ಲದ್ದು.

ನಾಗರತ್ನಮ್ಮ: ಇವರಿಗೆ ಅದೆಲ್ಲ ಚೆನ್ನಾಗಿ ನೆನಪಿರ್ತದೆ. ರಾಮಾಯಣದ ಕತೆ ಕೇಳು, ಅರ್ಧ ಹೇಳ್ತಾರೆ.

ಕೃಷ್ಣಪ್ಪ: ನಾನು ನೋಡಿದ್ದೇ ಅರ್ಧ ಕಣೇ. 87ರಲ್ಲಿ ಶುರುವಾಯ್ತು, ಭಾನುವಾರ ಬೆಳಗ್ಗೆ. ನನ್ನ ಪಾಳಿಯೂ ಭಾನುವಾರ ಬೆಳಗ್ಗೆ. ಗಣಿಯೊಳಗೆ ನೀರು ಭಾನುವಾರ ಅಂತ ರಜಾ ಹಾಕ್ತದಾ? ಪಂಪ್ ನಿಲ್ಲಿಸಂಗಿಲ್ಲ. ಮೇಲೆ ಬರೋ ಹೊತ್ಗೆ ಊರೆಲ್ಲ ಸೀತೆಗೆ ಅಳ್ತಿತ್ತು. ಯಾಕೆ ಅಂತ ಕೇಳಿದ್ರೆ, ಮುಂದಿನ ವಾರ ನೋಡ್ಕೋ ಅಂತಿದ್ರು. ಮುಂದಿನ ವಾರವೂ ಪಂಪು.

ಮುನಿರಾಜು: ಮಾವ, ಗಣಿ ಮುಚ್ಚಿದ ಮೇಲಾದ್ರೂ ಪೂರ್ತಿ ನೋಡ್ಬೋದಾಗಿತ್ತು.

ಕೃಷ್ಣಪ್ಪ: ಕೂತೆನಪ್ಪಾ, ಇನ್ನು ಏನೇ ಬಂದ್ರೂ ಕೊನೆ ತನಕ ನೋಡೇ ಏಳೋದು ಅಂತ. ಅಷ್ಟೊತ್ತಿಗೆ ಮುಗಿಯದ ಧಾರಾವಾಹಿಗಳು ಶುರುವಾಗಿದ್ವು.

(ಇಲ್ಲಿ ಬರೆಯುವವನದೊಂದು ಮಾತು: ಗಣಿ ಊರಿನ ದೂರದರ್ಶನದ ನೆನಪು ಬೇರೆ ಊರುಗಳಂತಲ್ಲ. ಆ್ಯಂಟೆನಾ ತಿರುಗಿಸಿದ ಕತೆ ಎಲ್ಲರಲ್ಲೂ ಇದೆ. ಭೂಮಿಯೇ ಆ್ಯಂಟೆನಾ ತಿರುಗಿಸಿದ ಕತೆ ಇಲ್ಲಿ ಮಾತ್ರ ಕೇಳಿದ್ದು.)

ನಾಗರತ್ನಮ್ಮ: ನಿನ್ನ ಕೇಬಲ್‌ಗಿಂತ ಮುಂಚೆ ಕೋಲು ಆ್ಯಂಟೆನಾನೇ ವಾಸಿ. ತಿಂಗಳಿಗೆ ದುಡ್ಡಿಲ್ಲ. ಒಂದ್ಸಲ ಎರಡು ದಿನ ಬರೀ ಚುಕ್ಕಿ. ಮೂರನೇ ದಿನ ರಾತ್ರಿ ಗಣಿಯೊಳಗೆ ಬಂಡೆ ಸಿಡೀತು. ಸ್ಟ್ಯಾಂಡಲ್ಲಿದ್ದ ಪಾತ್ರೆಯೆಲ್ಲ ಗಲಗಲ. ಎದ್ದು ನೋಡಿದ್ರೆ ಬೆಂಗಳೂರು ದೂರದರ್ಶನ ಕನ್ನಡಿ ಇದ್ದಂಗೆ ಬತ್ತೈತೆ!

ಕೃಷ್ಣಪ್ಪ: ನಾನು ಕೆಳಗಿದ್ದೆ. ಜೀವ ಕೈಲಿಟ್ಕೊಂಡು ಮೇಲೆ ಬಂದ್ರೆ, ಇವಳು ಕೇಳಿದ್ದು ಒಂದೇ: ರೀ, ಇನ್ನೊಂದ್ಸಲ ಸಿಡೀತದಾ? ಸೌಂಡು ಸ್ವಲ್ಪ ಸರಿಯಾಗ್ಬೇಕಿತ್ತು.

ನಾಗರತ್ನಮ್ಮ: ಸುಳ್ಳು! ಊಟ ಹಾಕಿ ಆಮೇಲೆ ಕೇಳಿದ್ದು.

ಕೃಷ್ಣಪ್ಪ: ಏನೇ ಆಗ್ಲಿ, ಕರೆಂಟಿನ ವಿಷಯದಲ್ಲಿ ಬೆಂಗಳೂರು ನಮ್ಮ ಹಿಂದೆ. ಶಿವನಸಮುದ್ರದ ಕರೆಂಟು ಇಲ್ಲಿಗೆ 1902ರಲ್ಲೇ ಬಂತು. ಅವರಿಗೆ 1905.

ನಾಗರತ್ನಮ್ಮ: 1902ರಲ್ಲಿ ಬಂದು ಏನು ಉಪಯೋಗ? ಉದಯ ಟಿವಿ ಬಂದಿದ್ದು 94ರ ಜೂನಲ್ಲಿ. 92 ವರ್ಷ ಬರೀ ದೀಪ ನೋಡ್ಕೊಂಡು ಕೂತಿದ್ವಿ.

ಮುನಿರಾಜು: ಅದನ್ನ ಮನೆಮನೆಗೆ ತಂದೋನು ಯಾರು? ನಾನು! ಮಾಳಿಗೆ ಮೇಲೆ ಡಿಶ್ ಇಟ್ಟೆ. ಆಷಾಢದ ಗಾಳಿಗೆ ಗಣಿಯ ಸಯನೈಡ್ ಗುಡ್ಡದ ಬಿಳೀ ಧೂಳೆಲ್ಲ ಅದರೊಳಗೇ. ದಿನಾ ಪೊರಕೆ ಹಿಡಿದು ಗುಡಿಸ್ತಿದ್ದೆ. ಅಷ್ಟು ಮಾಡಿದ್ರೂ 2002ರಲ್ಲಿ ಕಾವೇರಿ ಗಲಾಟೆ ಅಂತ ತಮಿಳು ಚಾನೆಲ್ ನಿಲ್ಲಿಸಬೇಕಾಗಿ ಬಂತು. ಆ ಕಡೆ ಲೈನಿನ ತಮಿಳರೆಲ್ಲ ಬಂದು ಹೊಡೀತಾರೆ ಅಂತ ಬಾಗಿಲು ಹಾಕ್ಕೊಂಡು ಕೂತಿದ್ದೆ. ಮೊದಲು ಬಾಗಿಲು ಒದ್ದೋರು ಯಾರು, ಹೇಳ್ಲಾ?

ನಾಗರತ್ನಮ್ಮ: ಬೇಡ ಬಿಡು.

ಮುನಿರಾಜು: ನೀವೇ! ‘ಮೆಟ್ಟಿ ಒಲಿ’ ಸೀರಿಯಲ್ ಎಲ್ಲೋ ಮುನಿರಾಜಾ ಅಂತ!

ನಾಗರತ್ನಮ್ಮ: ಕಾವೇರಿ ನಮ್ದೇ ಕಣೋ, ಅದರಲ್ಲಿ ಮಾತಿಲ್ಲ. ಆದ್ರೆ ಆ ಐದು ಹೆಣ್ಮಕ್ಕಳು ಏನು ಪಾಪ ಮಾಡಿದ್ವು? ಒಂದಕ್ಕೂ ಗಂಡನ ಮನೇಲಿ ಸುಖ ಇಲ್ಲ. ನಾನೂ ಪಕ್ಕದ ಸೆಲ್ವಿಯೂ ಒಟ್ಟಿಗೆ ಅಳ್ತಿದ್ವಿ. ಅವಳು ತಮಿಳಲ್ಲಿ, ನಾನು ಕನ್ನಡದಲ್ಲಿ.

ಕೃಷ್ಣಪ್ಪ: ಸಾರು ಸೀದಿದ್ದು ಮಾತ್ರ ಎರಡು ಮನೇಲೂ ಒಂದೇ ವಾಸನೆ.

ಮುನಿರಾಜು: ಅಕ್ಕಾ, ಅದೆಲ್ಲ ಇರ್ಲಿ. 360.

ನಾಗರತ್ನಮ್ಮ: ಲೆಕ್ಕ ಅಂದ್ರೆ ಪೂರ್ತಿ ಲೆಕ್ಕ. ರಾತ್ರಿ ಒಂಬತ್ತೂವರೆಗೆ ನಿನ್ನ ಸ್ವಂತ ಚಾನೆಲಲ್ಲಿ ಪಿಕ್ಚರ್ ಹಾಕ್ತಿದ್ಯಲ್ಲ, ಕೆಳಗೆ ಮಿಕ್ಸಿ ರಿಪೇರಿ, ಹುಟ್ಟುಹಬ್ಬದ ಶುಭಾಶಯ ಎಲ್ಲ ಓಡಿಸ್ಕೊಂಡು? ‘ನಾಗರಹಾವು’ ಹಾಕಿದ್ದು ನೆನಪೈತಾ?

ಮುನಿರಾಜು: (ಏಣಿ ಎತ್ತಿಕೊಳ್ಳುತ್ತ) ನಾನು ನಾಳೆ ಬತ್ತೀನಕ್ಕಾ.

ನಾಗರತ್ನಮ್ಮ: ನಿಂತ್ಕೋ! ನಮ್ಮತ್ತೆ ಥಿಯೇಟರಿಗೆ ಕಾಲಿಟ್ಟೋರಲ್ಲ. ಮೊದಲ್ನೇ ಸಲ ಆ ಪಿಕ್ಚರ್ ನೋಡ್ತವ್ರೆ. ರಾಮಾಚಾರಿ ಆ ಹುಡುಗಿ ಮಾರ್ಗರೆಟ್ಟು ಜತೆ ಚಿತ್ರದುರ್ಗದ ಬೆಟ್ಟದ ಮೇಲವ್ನೆ. ಚಾಮಯ್ಯ ಮೇಷ್ಟ್ರು ಬಂದ್ರು. ನಾವೆಲ್ಲ ಸೆರಗು ಬಾಯಿಗಿಟ್ಕೊಂಡು ಕೂತಿದ್ದೀವಿ. ಗರ್ ಅಂತ ಒಂದು ಗೆರೆ ಬಂತು. ಆಮೇಲೆ ನೋಡಿದ್ರೆ ಬಂಗಾರಪೇಟೆ ಛತ್ರದಲ್ಲಿ ಯಾರೋ ಪಾಯಸ ಬಡಿಸ್ತವ್ರೆ!

ಮುನಿರಾಜು: ಅದು ನಮ್ಮ ಭಾವಮೈದನ ಮದುವೆ ಅಕ್ಕಾ. ಖಾಲಿ ಕ್ಯಾಸೆಟ್ ಅಂತ ಅದರ ಮೇಲೇ ರೆಕಾರ್ಡ್ ಮಾಡ್ಬಿಟ್ಟಿದ್ದೆ.

ನಾಗರತ್ನಮ್ಮ: ನಮ್ಮತ್ತೆ ಏನಂದ್ರು ಗೊತ್ತಾ? ಸದ್ಯ, ಮೇಷ್ಟ್ರು ಹೋಗಿ ಒಪ್ಪಿಸಿದ್ರು, ಹುಡುಗನಿಗೆ ಮದುವೆ ಆಯ್ತು ಅಂತ ಕೈ ಮುಗಿದ್ರು. ನಾವೂ ಬಿಟ್ವಿ. ಸಾಯೋ ತನಕ ಹಂಗೇ ನಂಬಿದ್ರು. ಪಾಯಸಕ್ಕೆ ಶಾವಿಗೆ ಕಮ್ಮಿ ಹಾಕವ್ರೆ ಅಂತ ಒಂದೇ ಬೇಜಾರು.

ಕೃಷ್ಣಪ್ಪ: ನಾನೂ ಅವತ್ತೇ ನೋಡಿದ್ದು. ಕೊನೆ ಏನಾಯ್ತು ಅಂತ ನಂಗೂ ಗೊತ್ತಿಲ್ಲ.

ಮುನಿರಾಜು: ಮಾವ! 1972ರ ಪಿಕ್ಚರು! ಪುಟ್ಟಣ್ಣ ಕಣಗಾಲ್ ಪಿಕ್ಚರು! ಇಡೀ ಕರ್ನಾಟಕಕ್ಕೆ ಗೊತ್ತು!

ಕೃಷ್ಣಪ್ಪ: ಇಡೀ ಕರ್ನಾಟಕ ಮೇಲಿತ್ತು, ನಾನು ಕೆಳಗಿದ್ದೆ. ಈಗ ಮೊಮ್ಮಗ ಬೆಂಗಳೂರಿಂದ ಬಂದು, ತಾತಾ, ‘ಕೆಜಿಎಫ್’ ನೋಡಿದ್ಯಾ, ನರಾಚಿ ಎಲ್ಲಿ ಅಂತಾನೆ. ಅದರಲ್ಲಿ 1951ರಲ್ಲಿ ಚಿನ್ನ ಸಿಕ್ತಂತೆ. ಇಲ್ಲಿ ಜಾನ್ ಟೇಲರ್ ಕಂಪನಿ ಬಂದಿದ್ದೇ 1880ರಲ್ಲಿ! ನಾನು 27 ವರ್ಷ ಇಳಿದು ಹತ್ತಿದೆ, ಒಬ್ಬ ರಾಕಿಯೂ ಎದುರಾಗ್ಲಿಲ್ಲ. ಆದ್ರೆ ಒಂದು ಹೇಳ್ತೀನಿ, ಲಾಕ್‌ಡೌನಲ್ಲಿ ದೂರದರ್ಶನದವರು ರಾಮಾಯಣ ಮತ್ತೆ ಹಾಕಿದ್ರಲ್ಲ, 2020 ಮಾರ್ಚಲ್ಲಿ, ಅದನ್ನ ಪೂರ್ತಿ ನೋಡಿದೆ. 33 ವರ್ಷಕ್ಕೆ ಒಂದು ಬಾಕಿ ತೀರ್ತು. ಇದೊಂದು ಉಳ್ಕೊಂಡೈತೆ.

ನಾಗರತ್ನಮ್ಮ: ಕೇಳಿಸ್ತಾ? ಕೊನೆ ತೋರ್ಸು, 360 ತಗೋ.

ಮುನಿರಾಜು: ಅದೇನು ದೊಡ್ಡ ವಿಷಯ. (ಮೊಬೈಲ್ ತೆಗೆದು ಹುಡುಕಿ, ಏಣಿಗೆ ಒರಗಿಸುತ್ತಾನೆ. ಮೂವರೂ ಬಗ್ಗಿ ನೋಡುತ್ತಾರೆ. ಬೆಟ್ಟ. ಮೇಷ್ಟ್ರು ಬಂದರು, ಬಿದ್ದರು. ರಾಮಾಚಾರಿಯೂ ಮಾರ್ಗರೆಟ್ಟೂ ಹಾರಿದರು. ಬಂಗಾರಪೇಟೆಯ ಕಡೆ ಹೋಗುವ ರೈಲು ಕೂಗಿತು.)

ನಾಗರತ್ನಮ್ಮ: (ಸುಮಾರು ಹೊತ್ತಾದ ಮೇಲೆ) ಛೆ.

ಕೃಷ್ಣಪ್ಪ: ಅಮ್ಮ ನೋಡಿದ್ದೇ ಚೆನ್ನಾಗಿತ್ತು.

ನಾಗರತ್ನಮ್ಮ: (ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತ) ತಗೋ 360. ವೈರು ಮುಟ್ಬೇಡ. ಲೋ ಮುನಿರಾಜಾ, ಆ ಪಾಯಸದ ಕ್ಯಾಸೆಟ್ಟು ಐತಾ?

ಮುನಿರಾಜು: ಐತಕ್ಕಾ, ಅಟ್ಟದ ಮೇಲೆ. ಹಾಕೋಕೆ ವಿಸಿಪಿ ಇಲ್ಲ. ಹೋದ ತಿಂಗಳು ಗುಜರಿಗೆ ಹಾಕ್ಬಿಟ್ಟೆ.