ಸಖತ್ ಬ್ರೈಟು

ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದವರ ಮನೆಗೆ ಹೋದರೆ ಕಾಫಿಗಿಂತ ಮೊದಲು ಬ್ರೆಡ್‌ಬೋರ್ಡ್ ಬರುತ್ತದೆ. ಅದರ ಮೇಲೆ ನಾಲ್ಕಾರು ವೈರು, ಒಂದು ಟ್ರಾನ್ಸಿಸ್ಟರು, ತುದಿಯಲ್ಲೊಂದು ಎಲ್‌ಇಡಿ. ಸ್ವಿಚ್ ಹಾಕಿದವರು ದೀಪ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಆಗ ‘ಸಖತ್ ಬ್ರೈಟು!’ ಅನ್ನುವುದು ಮರ್ಯಾದೆ. ಬಾಣಂತಿಯನ್ನು ನೋಡಲು ಹೋದವರು ತೊಟ್ಟಿಲಿಗೆ ಬಗ್ಗಿ ‘ಥೇಟ್ ಅಪ್ಪನದೇ ಮೂಗು’ ಅನ್ನುವಂತೆ ಇದೂ ಒಂದು ಉಪಚಾರದ ಮಾತು. ಮೂಗನ್ನು ಯಾರೂ ಅಳತೆ ಮಾಡುವುದಿಲ್ಲ, ಬೆಳಕನ್ನೂ ಅಷ್ಟೆ.

ಅಳತೆಯ ಪ್ರಸಂಗ ತಂದಿಟ್ಟವನು ನನ್ನ ಅಕ್ಕನ ಮಗ. ಡಿಪ್ಲೊಮಾ ಓದುತ್ತಿರುವ ಅವನೂ ನಾನೂ ಪಂದ್ಯ ಕಟ್ಟಿದವರಂತೆ ಒಂದೊಂದು ‘ಜೂಲ್ ಥೀಫ್’ ಕಟ್ಟಿದ್ದೆವು. ನಮ್ಮ ಪೈಕಿಯವರಲ್ಲಿ ಈ ಸರ್ಕ್ಯೂಟಿಗೆ ಭಾರಿ ಗೌರವ. ಬಿಳಿ ಎಲ್‌ಇಡಿ ಹತ್ತಲು ಸುಮಾರು 3 ವೋಲ್ಟ್ ಬೇಕು. ಗೋಡೆ ಗಡಿಯಾರ ನಿಂತಿತೆಂದು ತೆಗೆದು ಬಿಸಾಡುವ ಸೆಲ್ಲಿನಲ್ಲಿ ಉಳಿದಿರುವುದು ಒಂದು ವೋಲ್ಟಿನ ಆಸುಪಾಸು. ಕೆಟ್ಟ ಸಿಎಫ್‌ಎಲ್ ಬಲ್ಬಿನೊಳಗೆ ಸಿಗುವ ಪುಟ್ಟ ಫೆರೈಟ್ ಉಂಗುರಕ್ಕೆ ತಂತಿಯ ಎರಡು ಸುರುಳಿ ಸುತ್ತಿ, ಒಂದು ಟ್ರಾನ್ಸಿಸ್ಟರು, ಒಂದು ರೆಸಿಸ್ಟರು ಸೇರಿಸಿದರೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಹರಿದು ಕಡಿದು ಮಾಡುತ್ತದೆ. ಕಡಿದಾಗಲೆಲ್ಲ ಸುರುಳಿ ಸಿಟ್ಟಿಗೆದ್ದು ವೋಲ್ಟೇಜನ್ನು ಮೇಲಕ್ಕೆ ಒದೆಯುತ್ತದೆ, ಎಲ್‌ಇಡಿ ಹತ್ತುತ್ತದೆ. 1999ರಲ್ಲಿ ಬ್ರಿಟನ್ನಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಬಂದ ಮೇಲೆ ಇದನ್ನು ಕಟ್ಟದ ಹವ್ಯಾಸಿಯೇ ಇಲ್ಲವೆನ್ನಬೇಕು.

“ಮಾವ, ನಿಮ್ಮದಕ್ಕಿಂತ ನನ್ನದು ಡಬಲ್ ಬ್ರೈಟು.”

“ಡಬಲ್ ಅಂತ ಹೇಗೆ ಗೊತ್ತಾಯ್ತೋ?”

“ಕಾಣ್ತಾ ಇದೆಯಲ್ಲ!”

ಕಾಣುವುದೇ ಇಲ್ಲಿ ತಕರಾರು. ಕಣ್ಣು ಪ್ರಾಮಾಣಿಕ ಸಾಕ್ಷಿ, ಆದರೆ ಲೆಕ್ಕದಲ್ಲಿ ದಡ್ಡ. 1957ರಲ್ಲಿ ಹಾರ್ವರ್ಡಿನ ಎಸ್.ಎಸ್. ಸ್ಟೀವನ್ಸ್ ಇದಕ್ಕೊಂದು ಸೂತ್ರವನ್ನೇ ಬರೆದರು. ಗೋಡೆಯ ಮೇಲೆ ಬಿದ್ದಂಥ ಬೆಳಕಿನ ವಿಷಯದಲ್ಲಿ, ನಮಗೆ ಕಾಣುವ ಪ್ರಖರತೆ ನಿಜವಾದ ಬೆಳಕಿನ ಘನಮೂಲದಷ್ಟು ಮಾತ್ರ ಏರುತ್ತದೆ. ಬೆಳಕು ಎರಡರಷ್ಟಾದರೆ ಕಣ್ಣಿಗೆ ಕಾಲುಭಾಗ ಹೆಚ್ಚಾದಂತೆ ಕಾಣುತ್ತದೆ, ಅಷ್ಟೆ. ‘ಡಬಲ್’ ಅನ್ನಿಸಬೇಕಾದರೆ ಎಂಟರಷ್ಟು ಬೇಕು. ಬರಿಗಣ್ಣಿನಲ್ಲಿ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ ಪ್ರಾಚೀನರಿಗೂ ಹೀಗೇ ಆಯಿತು. 1856ರಲ್ಲಿ ಖಗೋಳಜ್ಞ ಪಾಗ್ಸನ್ ಲೆಕ್ಕ ಕಟ್ಟಿದಾಗ, ಮೊದಲ ದರ್ಜೆಗೂ ಆರನೆಯದಕ್ಕೂ ನಡುವಿನ ಅಂತರ ಐದರಷ್ಟಲ್ಲ, ನೂರರಷ್ಟು ಎಂದು ನಿಗದಿಯಾಯಿತು. ಸೆಲ್ಲೊಂದರಿಂದ ನನ್ನ ಸೋದರಳಿಯ ನನ್ನದರ ಎಂಟರಷ್ಟು ಬೆಳಕು ತೆಗೆದಿದ್ದರೆ ಅವನಿಗೆ ಡಿಪ್ಲೊಮಾ ಅಲ್ಲ, ನೇರವಾಗಿ ಡಾಕ್ಟರೇಟೇ ಕೊಡಬೇಕಿತ್ತು.

ಎರಡೂ ಬೋರ್ಡಿನ ಎಲ್‌ಇಡಿಗಳನ್ನು ಕಿತ್ತು ಅದಲುಬದಲು ಮಾಡಿದೆ. ಪ್ರಖರತೆ ಅವನ ಬೋರ್ಡನ್ನು ಬಿಟ್ಟು ನನ್ನ ಬೋರ್ಡಿಗೆ ಬಂದು ಕೂತಿತು. ಹುಡುಗನ ಮುಖ ನೋಡಬೇಕಿತ್ತು.

“ಎಲ್ಲಿಂದ ತಂದೆಯೋ ಇದನ್ನ?”

“ಎಸ್.ಪಿ. ರೋಡಲ್ಲಿ. ಇಪ್ಪತ್ತು ಸಾವಿರದ್ದು ಅಂತ ಕೊಟ್ರು.”

ಇಪ್ಪತ್ತು ಸಾವಿರ ರೂಪಾಯಿಯಲ್ಲ, ಮಿಲಿಕ್ಯಾಂಡೆಲಾ. ಅಂಗಡಿಯವನ ಮಾತು ಸುಳ್ಳಲ್ಲ. ಆದರೆ ಕ್ಯಾಂಡೆಲಾ ಹೇಳುವುದು ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಒತ್ತಾಗಿದೆ ಎಂಬುದನ್ನು. ಒಟ್ಟು ಎಷ್ಟಿದೆ ಎಂಬುದಕ್ಕೆ ಲ್ಯೂಮೆನ್ ಕೇಳಬೇಕು. ಒಂದು ಲ್ಯೂಮೆನ್ ಬೆಳಕನ್ನು ಲೆನ್ಸಿನಿಂದ 15 ಡಿಗ್ರಿಯ ಕಿರಿದಾದ ಕೋನಕ್ಕೆ ಹಿಂಡಿದರೆ ಹತ್ತಿರಹತ್ತಿರ 20,000 ಮಿಲಿಕ್ಯಾಂಡೆಲಾ. ಅದೇ ಒಂದು ಲ್ಯೂಮೆನ್ನು 120 ಡಿಗ್ರಿಗೆ ಹರಡಿದರೆ ಮುನ್ನೂರು ಚಿಲ್ಲರೆ. ಅವನದು ಕಣ್ಣಿಗೇ ನೇರವಾಗಿ ಚುಚ್ಚುವ ಜಾತಿ, ನನ್ನದು ಕೋಣೆಗೆಲ್ಲ ಹಂಚುವ ಜಾತಿ. ಎಲ್‌ಇಡಿ ಹತ್ತಿಸುವ ಡ್ರೈವರ್ ಸರ್ಕ್ಯೂಟಿಗೆ ಸಲ್ಲಬೇಕಾದ ಅಂಕವನ್ನು ಲೆನ್ಸು ಹೊಡೆದುಕೊಂಡಿತ್ತು.

ಹಾಗಾದರೆ ಡ್ರೈವರಿಗೆ ಅಂಕ ಕೊಡುವುದು ಹೇಗೆ? ಕಣ್ಣಿಗೆ ‘ಎಷ್ಟು ಪಟ್ಟು’ ಎಂಬ ಪ್ರಶ್ನೆ ಹಾಕಬಾರದು, ‘ಎರಡೂ ಸಮವೇ’ ಎಂದು ಮಾತ್ರ ಕೇಳಬೇಕು. ಈ ಪ್ರಶ್ನೆಗೆ ಅದರಷ್ಟು ಚುರುಕಾಗಿ ಉತ್ತರಿಸುವವರಿಲ್ಲ. ಫ್ರಾನ್ಸಿನ ಬೂಗೆ 1729ರಲ್ಲೇ ಇದನ್ನು ಕಂಡುಕೊಂಡಿದ್ದರು. ಲ್ಯಾಬಿನ ಬರ್ನರಿನಿಂದ ನಮಗೆ ಪರಿಚಿತರಾದ ಜರ್ಮನಿಯ ಬುನ್ಸೆನ್ 1840ರ ದಶಕದಲ್ಲಿ ಅದಕ್ಕೊಂದು ಅಗ್ಗದ ಉಪಕರಣ ಹುಡುಕಿದರು: ಎಣ್ಣೆಯ ಕಲೆ ಬಿದ್ದ ಬಿಳಿ ಕಾಗದ. ಹಿಂದಿನಿಂದ ಬೆಳಕು ಹೆಚ್ಚಿದ್ದರೆ ಕಲೆ ಹೊಳೆಯುತ್ತದೆ, ಮುಂದಿನಿಂದ ಹೆಚ್ಚಿದ್ದರೆ ಕಪ್ಪಾಗುತ್ತದೆ, ಎರಡೂ ಕಡೆ ಸಮನಾದಾಗ ಹೆಚ್ಚುಕಡಿಮೆ ಮಾಯವಾಗುತ್ತದೆ. ವಿಜ್ಞಾನಕ್ಕೆ ಮೆಣಸಿನಕಾಯಿ ಬಜ್ಜಿ ಅನಿವಾರ್ಯವೆಂದು ಮನೆಯಲ್ಲಿ ಘೋಷಿಸಲಾಯಿತು. ಬಿಳಿ ಹಾಳೆಯ ಮೇಲೆ ಒಂದು ಬಜ್ಜಿ ಇಟ್ಟು ಎತ್ತಿದೆವು, ಉಪಕರಣ ಸಿದ್ಧ. ಬಜ್ಜಿಯನ್ನು ಕೂಡಲೇ ವಿಲೇವಾರಿ ಮಾಡಲಾಯಿತು.

ಕಾಗದದ ಒಂದು ಕಡೆ ಜೂಲ್ ಥೀಫಿನ ಎಲ್‌ಇಡಿ. ಇನ್ನೊಂದು ಕಡೆ, ಅಷ್ಟೇ ದೂರದಲ್ಲಿ, ಅದೇ ಪೊಟ್ಟಣದ ಮತ್ತೊಂದು ಎಲ್‌ಇಡಿ. ಅದಕ್ಕೆ ಬ್ಯಾಟರಿಯಿಂದ ನೇರ ಕರೆಂಟು, ನಡುವೆ ಒಂದು ಪ್ರಿಸೆಟ್, ಅಂದರೆ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರು. ಕಲೆ ಮರೆಯಾಗುವ ತನಕ ಪ್ರಿಸೆಟ್ಟನ್ನು ತಿರುಗಿಸುವುದು, ಆಮೇಲೆ ಆ ಕಡೆಯ ಕರೆಂಟನ್ನು ಓದುವುದು. ಜೂಲ್ ಥೀಫಿನ ಸಿಡಿತಗಳ ಎದುರು ಅಗ್ಗದ ಮಲ್ಟಿಮೀಟರು ಬಾಯಿಗೆ ಬಂದದ್ದು ಹೇಳುತ್ತದೆ. ನೇರ ಕರೆಂಟಿನ ಮುಂದೆ ಅದೂ ಸತ್ಯವಂತ. ಸೆಲ್ಲು 1.2 ವೋಲ್ಟಿನಲ್ಲಿ 40 ಮಿಲಿಆಂಪ್ ಕೊಟ್ಟರೆ ಖರ್ಚು 48 ಮಿಲಿವ್ಯಾಟ್. ಸಮಬೆಳಕಿನ ಎಲ್‌ಇಡಿ 3 ವೋಲ್ಟಿನಲ್ಲಿ 9 ಮಿಲಿಆಂಪ್ ತಿಂದರೆ 27 ಮಿಲಿವ್ಯಾಟ್. ಅಲ್ಲಿಗೆ ಅಂಕ ನೂರಕ್ಕೆ ಐವತ್ತಾರು. ಮೊದಲ ದರ್ಜೆಯಲ್ಲ, ಆದರೂ ಪಾಸು.

ಟ್ರಾನ್ಸ್‌ಫಾರ್ಮರಿಲ್ಲದೆ 230 ವೋಲ್ಟಿನಿಂದ ನೇರವಾಗಿ ಕೆಪಾಸಿಟರಿನ ಮೂಲಕ ಎಲ್‌ಇಡಿ ಹತ್ತಿಸುವ ಪಂಥದವರೂ ಇದ್ದಾರೆ. 0.47 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 34 ಮಿಲಿಆಂಪ್. ಬೆಳಕು ಚೆನ್ನಾಗಿಯೇ ಬರುತ್ತದೆ. ಆದರೆ ಸರ್ಕ್ಯೂಟಿನ ಪ್ರತಿ ತುದಿಯೂ ಮೇನ್ಸಿಗೇ ಅಂಟಿಕೊಂಡಿರುವುದರಿಂದ ಮುಟ್ಟಿದವರಿಗೂ ಜ್ಞಾನೋದಯವಾದೀತು. ಅದನ್ನು ಡಬ್ಬಿಯೊಳಗೆ ಮುಚ್ಚಿಟ್ಟು ದೂರದಿಂದಲೇ ಹೊಗಳಬೇಕು. ಇದರ ಇನ್ನೊಂದು ಗುಣವೆಂದರೆ, ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ಕರೆಂಟೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬೆಳಕು ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿದರೂ ಮನೆಯಲ್ಲಿ ಒಬ್ಬರೂ ತಲೆ ಎತ್ತಿ ನೋಡುವುದಿಲ್ಲ.

ಕಣ್ಣಿನ ಈ ಉದಾಸೀನವೇ ನಮ್ಮಂಥವರ ಉಳಿತಾಯ ಖಾತೆ. 20 ಮಿಲಿಆಂಪ್ ಹರಿಸುವಲ್ಲಿ 10 ಹರಿಸಿದರೆ ಬ್ಯಾಟರಿ ಎರಡರಷ್ಟು ಕಾಲ ಬರುತ್ತದೆ, ಎಲ್‌ಇಡಿ ತಣ್ಣಗಿರುತ್ತದೆ, ಕಣ್ಣಿಗೆ ಆಗುವ ನಷ್ಟ ಐದರಲ್ಲೊಂದು ಪಾಲು. ಪಡಸಾಲೆಯ ರಾತ್ರಿ ದೀಪಕ್ಕೆ ದೊಡ್ಡ ರೆಸಿಸ್ಟರು ಹಾಕಿ ನಾನು ಹಾಗೇ ಮಾಡಿದೆ. ವಾರಗಟ್ಟಲೆ ಯಾರೂ ಚಕಾರ ಎತ್ತಲಿಲ್ಲ. ಹೆಮ್ಮೆ ತಡೆಯಲಾರದೆ ಊಟದ ಹೊತ್ತಿನಲ್ಲಿ ಹೇಳಿದೆ. ಹೆಂಡತಿ ತುತ್ತು ನಿಲ್ಲಿಸಿ ದೀಪದ ಕಡೆ ತಿರುಗಿದಳು. “ಅದಕ್ಕೇ ಅಂದ್ಕೊಂಡೆ ರೀ, ಅವತ್ತಿಂದ ಏನೂ ಕಾಣ್ತಾನೇ ಇಲ್ಲ” ಅಂದಳು.