ಪಿನ್ನು ಸಿಸ್ಟರ್

ಕರಾವಳಿಯ ಯಾವುದೇ ಹೆಣ್ಣುಮಕ್ಕಳ ಕಾನ್ವೆಂಟ್ ಹೈಸ್ಕೂಲಿಗೆ ಹೋಗಿ. ಅಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒಬ್ಬರಿರುತ್ತಾರೆ, ಬಿ.ಇ.ಓ. ಕಚೇರಿಯ ಸುತ್ತೋಲೆಗಳಿಗೆ ಉತ್ತರ ಬರೆಯುವುದರಲ್ಲೇ ಅವರ ದಿನ ಮುಗಿಯುತ್ತದೆ. ಸುಪೀರಿಯರ್ ಸಿಸ್ಟರ್ ಒಬ್ಬರಿರುತ್ತಾರೆ. ಹೆಡ್‌ಮಿಸ್ಟ್ರೆಸ್ಸಿಗೆ ಸಮಾಧಾನ ಹೇಳುವುದು ಅವರ ಪಾಲಿನ ಕೆಲಸ. ಈ ಇಬ್ಬರು ಶಾಲೆ ನಡೆಸುತ್ತಿದ್ದಾರೆಂದು ಇಲಾಖೆ ನಂಬಿಕೊಂಡಿದೆ. ಮಕ್ಕಳು ಹಾಗೆ ಮೋಸ ಹೋಗುವವರಲ್ಲ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಪಕ್ಕದ ಬಾದಾಮಿ ಮರದಡಿ, ಮಳೆಯಿದ್ದರೆ ಗಂಡಸರ ಕಪ್ಪು ಕೊಡೆ ಬಿಚ್ಚಿ, ಬಿಸಿಲಿದ್ದರೆ ಅದೇ ಕೊಡೆ ಮಡಚಿ ನೆಲಕ್ಕೂರಿ ನಿಂತಿರುವ ಮೂರನೆಯ ಸಿಸ್ಟರೇ ಶಾಲೆ ನಡೆಸುವವರು ಎಂಬುದು ಎಂಟನೇ ಕ್ಲಾಸಿಗೆ ಸೇರಿದ ವಾರದೊಳಗೆ ಎಲ್ಲ ಹುಡುಗಿಯರಿಗೂ ತಿಳಿದಿರುತ್ತದೆ.

ಇವರಿಗೆ ಹುದ್ದೆ ಇಲ್ಲ. ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಪಿಂಚಣಿ ಬರುತ್ತದೆ, ಆದರೆ ಬಡತನದ ವ್ರತ ತೊಟ್ಟವರಾದ್ದರಿಂದ ಅದು ಕಾನ್ವೆಂಟಿನ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ಅವರ ಕೈಯಲ್ಲಿ ಕಾಸು ಇರುವುದಿಲ್ಲ, ಅವರ ಕಪಾಟಿನಲ್ಲಿ ಇಲ್ಲದ ವಸ್ತು ಇರುವುದಿಲ್ಲ. ನಿಲುವಂಗಿಯ ಒಳಮಗ್ಗುಲಲ್ಲಿ ಸೇಫ್ಟಿ ಪಿನ್ನುಗಳ ಒಂದು ಗೊಂಚಲು ಸದಾ ನೇತಾಡುತ್ತಿರುತ್ತದೆ. ಗುಂಡಿ ಹೋದರೆ ಪಿನ್ನು, ಜಡೆ ಜಾರಿದರೆ ಪಿನ್ನು, ದುಪಟ್ಟ ಹಾರಿದರೆ ಎರಡು ಪಿನ್ನು. ಹೆಸರು ಅಲ್ಲಿಂದ ಬಂತು. ತಮಗೆ ಈ ಹೆಸರಿದೆಯೆಂದು ಅವರಿಗೆ ಗೊತ್ತಿಲ್ಲವೆಂದು ಹುಡುಗಿಯರು ತಿಳಿದಿದ್ದಾರೆ. ಸಿಸ್ಟರ್ ಅದನ್ನು ಹಾಗೆಯೇ ಬಿಟ್ಟಿದ್ದಾರೆ.

ಗೇಟಿನಲ್ಲಿ ನಡೆಯುವುದು ತಪಾಸಣೆ. ಎರಡು ಜಡೆ ಮಡಚಿ ಕಟ್ಟಿರಬೇಕು, ರಿಬ್ಬನ್ನು ಕಪ್ಪಾಗಿರಬೇಕು, ತಲೆಯಲ್ಲಿ ಹೂವಿರಬಾರದು. ಹೂ ಮುಡಿದು ಬಂದವಳ ಶಂಕರಪುರ ಮಲ್ಲಿಗೆ ಅಲ್ಲೇ ಮುಟ್ಟುಗೋಲಾಗಿ ಗ್ರೊಟ್ಟೊದ ಮರಿಯಮ್ಮನ ಕೊರಳು ಸೇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಕೆಲವರು ಬೇಕೆಂದೇ ಮುಡಿದು ಬರುತ್ತಾರೆ: ಬೈಗುಳವೂ ಆಯಿತು, ಹರಕೆಯೂ ಸಂದಿತು.

“ಉಗುರು ತೋರಿಸು” ಎಂಬುದು ನೇಲ್ ಪಾಲಿಶಿಗಾಗಿ ಎಂದೇ ನಾನೂ ಬಹಳ ಕಾಲ ನಂಬಿದ್ದೆ. ಅವರು ಉಗುರು ನೋಡುವುದು ಕಡಿಮೆ, ಬೆರಳು ಮೂಸುವುದು ಹೆಚ್ಚು. ಬೆರಳಲ್ಲಿ ಹೊಗೆಸೊಪ್ಪಿನ ವಾಸನೆ ಇದ್ದರೆ ಹುಡುಗಿ ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಬೀಡಿ ಕಟ್ಟಿದ್ದಾಳೆ ಎಂದು ಲೆಕ್ಕ. ಲಂಗದಡಿ ಬಿಚ್ಚಿ ಇಳಿಸಿದ ಗೆರೆ ಒಂದಿದ್ದರೆ ಹುಡುಗಿ ಬೆಳೆದಿದ್ದಾಳೆ. ಎರಡಿದ್ದರೆ ಮನೆಯಲ್ಲಿ ದುಡ್ಡಿಲ್ಲ. ಕಣ್ಣು ಕೆಂಪಾಗಿ ರಿಬ್ಬನ್ ನೆಟ್ಟಗಿದ್ದರೆ ಅಪ್ಪ ಕುಡಿದು ಬಂದಿದ್ದ, ಅಮ್ಮ ಜಡೆ ಹಾಕಿ ಕಳಿಸಿದ್ದಾಳೆ. ಕಣ್ಣು ಸರಿಯಿದ್ದು ರಿಬ್ಬನ್ ಸೊಟ್ಟಗಿದ್ದರೆ ಅಮ್ಮ ಊರಲ್ಲಿಲ್ಲ. ಜನಗಣತಿಯವರು ಹತ್ತು ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಇವರು ಬೆಲ್ಲು ಹೊಡೆಯುವುದರೊಳಗೆ ದಿನವೂ ಮುಗಿಸುತ್ತಾರೆ.

ಇನ್ನು ಇವರು ಸಹಾಯ ಮಾಡುವ ಪರಿ. ಸಹಾಯ ಎಂಬ ಶಬ್ದವನ್ನು ಅವರು ಉಚ್ಚರಿಸುವುದಿಲ್ಲ. ಎಲ್ಲವೂ ಶಿಕ್ಷೆಯ ರೂಪದಲ್ಲೇ ಬರುತ್ತದೆ.

“ಎಂತ ಇದು ಅಕ್ಷರ? ಇವತ್ತಿನಿಂದ ಸಂಜೆ ಐದರವರೆಗೆ ಲೈಬ್ರರಿಯಲ್ಲಿ ಕೂತು ಬರೆದೇ ಮನೆಗೆ ಹೋಗಬೇಕು. ಪನಿಶ್‌ಮೆಂಟ್. ನಿನ್ನ ಅಮ್ಮನಿಗೆ ನಾನೇ ಹೇಳ್ತೇನೆ.”

ಬೀಡಿ ಕಟ್ಟುವ ಹುಡುಗಿಗೆ ಹೀಗೆ ಓದಲು ಒಂದು ಗಂಟೆ ಸಿಗುತ್ತದೆ. ಓದಲಿಕ್ಕೆ ಬಿಡಿ ಎಂದು ಬೇಡಿಕೊಂಡಿದ್ದರೆ ಮನೆಯವರು ನೂರು ನೆಪ ಹೇಳುತ್ತಿದ್ದರು. ಶಿಕ್ಷೆ ಎಂದರೆ ಯಾರೂ ಮಾತಾಡುವುದಿಲ್ಲ. ಸಿಸ್ಟರ್ ಶಿಕ್ಷೆ ಕೊಟ್ಟಿದ್ದಾರೆಂದರೆ ಮಗಳು ಏನೋ ಮಾಡಿರಬೇಕು ಎಂದು ಅಮ್ಮ ಮನೆಯಲ್ಲೂ ಎರಡು ಬೈದು ಕಳಿಸುತ್ತಾಳೆ. ಹೊಸ ಸಮವಸ್ತ್ರವೂ ಹೀಗೆಯೇ: “ಇಂಥ ಅಂಗಿ ಹಾಕಿ ಶಾಲೆಯ ಮರ್ಯಾದೆ ತೆಗೀತೀಯಾ? ನಾಳೆಯಿಂದ ಇದನ್ನೇ ಹಾಕಬೇಕು. ಹಾಕದಿದ್ದರೆ ಫೈನ್.” ಹುಡುಗಿ ಅಳುತ್ತ ಹೊಸ ಅಂಗಿ ಹಿಡಿದು ಮನೆಗೆ ಹೋಗುತ್ತಾಳೆ. ದಾನ ಪಡೆದವಳ ನಾಚಿಕೆ ಅವಳಿಗಿಲ್ಲ, ಬೈಸಿಕೊಂಡವಳ ಸಿಟ್ಟು ಮಾತ್ರ ಇದೆ.

ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಸಿಸ್ಟರಿಗೆ ಇನ್ನೊಂದು ಪರೀಕ್ಷೆ. ಮನೆಯಿಂದ ಡಬ್ಬಿ ತರಲಾಗದವರಲ್ಲಿ ಕೆಲವರಿಗೆ ಸಾಲಿನಲ್ಲಿ ನಿಲ್ಲಲು ಅಭಿಮಾನ. “ಇವತ್ತು ಉಪವಾಸ ಸಿಸ್ಟರ್” ಎಂದು ಜಗಲಿಯಲ್ಲಿ ಪುಸ್ತಕ ಹಿಡಿದು ಕೂರುತ್ತಾರೆ. ಸಿಸ್ಟರ್ ಕೋಣೆಯ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಪಕ್ಕದಲ್ಲಿ ತಿಥಿ ನಕ್ಷತ್ರ ಸಮೇತ ದೊಡ್ಡಕ್ಷರದ ಕ್ಯಾಲೆಂಡರು. ಏಕಾದಶಿ, ಸಂಕಷ್ಟಿ, ರಮ್ಜಾನು, ತಮ್ಮವರ ನಲವತ್ತು ದಿನದ ತಪಸ್ಸುಕಾಲ, ಎಲ್ಲ ಬಾಯಿಪಾಠ.

“ಯಾವ ಉಪವಾಸ?”

“ಏಕಾದಶಿ ಸಿಸ್ಟರ್.”

“ಏಕಾದಶಿ ಶುಕ್ರವಾರ. ಇವತ್ತು ಬರೀ ಅಷ್ಟಮಿ. ನಿಮ್ಮ ದೇವರಿಗೆ ಸುಳ್ಳು ಹೇಳಿದರೆ ನಡೀತದೋ ಏನೋ, ನನಗೆ ಹೇಳಿದರೆ ನಡೆಯುವುದಿಲ್ಲ. ಬಟ್ಟಲು ತಾ.”

ಹನ್ನೆರಡು ಗಂಟೆಗೆ ಇಗರ್ಜಿಯ ಗಂಟೆ ಬಾರಿಸಿದಾಗ ಏಂಜಲಸ್ ಪ್ರಾರ್ಥನೆ. ಜಗತ್ತು ಮುಳುಗಿದರೂ ಅದು ತಪ್ಪಬಾರದು. ಒಮ್ಮೆ ಒಂಬತ್ತನೇ ಕ್ಲಾಸಿನ ಒಬ್ಬಳನ್ನು ನಿಲ್ಲಿಸಿ “ನೀನೊಂದು ಹುಡುಗಿಯಾ, ನಿನ್ನ ಮಂಡೆಯಲ್ಲಿ...” ಎನ್ನುವಷ್ಟರಲ್ಲಿ ಗಂಟೆ ಬಿತ್ತು. ಕೈ ಜೋಡಿಸಿದರು. ಅವಳೂ ಜೋಡಿಸಿದಳು. ಮೂರು ನಮೋ ಮರಿಯ ಮುಗಿದು ಶಿಲುಬೆಯ ಗುರುತು ಮಾಡಿ, ಅದೇ ಉಸಿರಿನಲ್ಲಿ “...ಸೆಗಣಿ ಉಂಟಾ?” ಎಂದು ವಾಕ್ಯ ಪೂರ್ತಿ ಮಾಡಿದರು.

ಸಂತ ಅಂತೋನಿಯವರ ಮೇಲೆ ಇವರಿಗೆ ಅಪಾರ ಭಕ್ತಿ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ. ಯಾರದಾದರೂ ಜಾಮಿಟ್ರಿ ಬಾಕ್ಸ್ ಕಾಣೆಯಾದರೆ ಕ್ಲಾಸಿಗೆ ಬಂದು ಕಣ್ಣು ಮುಚ್ಚಿ ಎರಡು ನಿಮಿಷ ಪ್ರಾರ್ಥಿಸುತ್ತಾರೆ. ಆಮೇಲೆ ಕಣ್ಣು ತೆರೆದು, “ಸಂತ ಅಂತೋನಿಗೆ ಹೇಳಿ ಆಯ್ತು. ಈಗ ಎಲ್ಲರೂ ಬ್ಯಾಗ್ ತೆರೆಯಿರಿ.”

ಇದಕ್ಕೆಲ್ಲ ಒಂದು ಹಿನ್ನೆಲೆ ಇದೆ. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲಿನ ಸಿಸ್ಟರುಗಳು ಫ್ರಾನ್ಸಿನಿಂದ ಮಂಗಳೂರಿಗೆ ಬಂದರು. ಸಂತ ಆ್ಯನ್ನರ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಯಿತು. 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ, 1921ರಲ್ಲಿ ಬೆಥನಿ ಸಂಸ್ಥೆ ಇದೇ ಊರಿನಲ್ಲಿ ಹುಟ್ಟಿದವು. ಸಂತ ಆಗ್ನೆಸ್ ಮಹಿಳಾ ಕಾಲೇಜಿನ ವರ್ಷವೂ 1921. ಶತಮಾನೋತ್ಸವದ ಸಂಚಿಕೆಗಳಲ್ಲಿ ಸ್ಥಾಪಕರ ಭಾವಚಿತ್ರಗಳು ಇರುತ್ತವೆ, ಇರಲೇಬೇಕು. ಆದರೆ ಫ್ರೆಂಚ್ ಮಾತಾಡುವ ಹೆಂಗಸರನ್ನು ನಂಬಿ ಇಲ್ಲಿಯ ತಾಯಂದಿರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಬೇಕಾದರೆ, ಮೊದಲ ದಿನವೇ ಗೇಟಿನಲ್ಲಿ ಒಬ್ಬರು ನಿಂತು “ಎಂತಕ್ಕೆ ಲೇಟು?” ಎಂದು ಕೇಳಿರಲೇಬೇಕು ಎಂಬುದು ನನ್ನ ಗುಮಾನಿ. ಅವರ ಫೋಟೊ ಯಾವ ಸಂಚಿಕೆಯಲ್ಲೂ ಇಲ್ಲ.

ಸಿಕ್ ರೂಮಿನ ವಿಷಯ ಹೇಳಬೇಕು. ನಮ್ಮ ಕಾಲದಲ್ಲಿ “ಹೊಟ್ಟೆನೋವು ಸಿಸ್ಟರ್” ಎಂದರೆ ಮುಂದಿನ ಪ್ರಶ್ನೆ ಇರುತ್ತಿರಲಿಲ್ಲ. ಒಂದು ಲೋಟ ಓಮದ ನೀರು, ಒಂದು ಮಂಚ, ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಹಂಚುವ ಸರ್ಕಾರದ ಶುಚಿ ಯೋಜನೆ ಬಂದದ್ದು 2013ರ ಸುಮಾರಿಗೆ. ಇವರ ಯೋಜನೆ ಅದಕ್ಕಿಂತ ಬಹಳ ಹಿರಿಯದು. ಪೊಟ್ಟಣ ಸುತ್ತುವುದಕ್ಕೆ ಹಳೆಯ ‘ರಾಕ್ಣೊ’ ವಾರಪತ್ರಿಕೆಯ ಹಾಳೆಗಳು. ಹರಿಯುವ ಮೊದಲು ಪುಟ ತಿರುಗಿಸಿ ನೋಡಿ, ಬಿಷಪರ ಫೋಟೊ ಇದ್ದ ಪುಟವನ್ನು ತೆಗೆದು ಪಕ್ಕಕ್ಕಿಡುತ್ತಿದ್ದರು.

ಇವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಬೋರ್ಡಿಂಗಿನ ಹುಡುಗಿಯರಿಗೆ ಬಂದ ಕಾಗದಗಳನ್ನು ಒಡೆದು ಓದಿಯೇ ಕೊಡುತ್ತಿದ್ದರು. ಅದು ಈಗಿನ ಕಾಲಕ್ಕೆ ಸರಿಯಲ್ಲ, ಆಗಿನ ಕಾಲಕ್ಕೂ ಸರಿಯಿರಲಿಲ್ಲ. ಲೋಕದ ಸಕಲ ರೋಗಗಳಿಗೆ ಮೂಲ ಎರಡೇ, ಬೆಳಿಗ್ಗೆ ತಿಂಡಿ ತಿನ್ನದಿರುವುದು ಮತ್ತು ಮೊಬೈಲು, ಎಂಬ ಸಿದ್ಧಾಂತವನ್ನು ಅವರಿಂದ ಬಿಡಿಸಲು ಯಾವ ವೈದ್ಯರಿಂದಲೂ ಆಗಲಿಲ್ಲ. ಎದುರಿನ ರಸ್ತೆಯಲ್ಲಿ ಬೈಕು ನಿಧಾನವಾದರೆ ಕೊಡೆ ಎತ್ತಿ ನಂಬರ್ ಬರೆದುಕೊಳ್ಳುತ್ತಿದ್ದರು. ಒಮ್ಮೆ ಹಾಗೆ ಬರೆದುಕೊಂಡದ್ದು ಪ್ಯಾರಿಶಿನ ಹೊಸ ಸಹಾಯಕ ಫಾದರ್ ಅವರ ಬೈಕಿನ ನಂಬರು.

ಇಂಥ ರಾಜ್ಯಕ್ಕೆ ಒಂದು ವರ್ಷ ಕೌನ್ಸೆಲರ್ ಬಂದರು. ಎಂ.ಎಸ್.ಡಬ್ಲ್ಯು. ಮುಗಿಸಿದ ಎಳೆಯ ಹುಡುಗಿ. ಮೆಟ್ಟಿಲಡಿಯ ಕೋಣೆಗೆ ಬಣ್ಣ ಹೊಡೆಸಿ, ‘ಆಪ್ತ ಸಮಾಲೋಚನಾ ಕೇಂದ್ರ’ ಎಂದು ಬೋರ್ಡು ಹಾಕಿ, ಗೋಡೆಗೆ ಮಕ್ಕಳ ಸಹಾಯವಾಣಿ 1098ರ ಪೋಸ್ಟರು ಅಂಟಿಸಿ, ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇಟ್ಟು ಕಾದರು. ಯಾರೂ ಬರಲಿಲ್ಲ. ಬರುವುದು ಹೇಗೆ? ಆ ಕೋಣೆಯ ಬಾಗಿಲು ಸರಿಯಾಗಿ ನಲ್ಲಿಯ ಎದುರು. ಒಳಗೆ ಹೋದವಳ ಸುದ್ದಿ ಹೊರಗೆ ಬರುವ ಮೊದಲೇ ಹತ್ತನೇ ‘ಬಿ’ಗೆ ಮುಟ್ಟಿರುತ್ತದೆ. ಪಕ್ಕದಲ್ಲಿ ಬೀಗ ಹಾಕಿದ ದೂರು ಪೆಟ್ಟಿಗೆ. ತಿಂಗಳಿಗೊಮ್ಮೆ ತೆರೆದರೆ ಎರಡು ಚೀಟಿ: ಸಾಂಬಾರಿಗೆ ಉಪ್ಪು ಕಡಿಮೆ, ಪಿ.ಟಿ. ಪೀರಿಯಡನ್ನು ಗಣಿತದವರು ಕಸಿದುಕೊಳ್ಳುತ್ತಾರೆ.

ಟಿಶ್ಯೂ ಡಬ್ಬಿ ಧೂಳು ಹಿಡಿಯುತ್ತಿದ್ದ ಆ ದಿನಗಳಲ್ಲಿ ಒಂದು ವಿಷಯ ಕೌನ್ಸೆಲರ್ ಗಮನಕ್ಕೆ ಬಂತು. ಊಟದ ಬಿಡುವಿನಲ್ಲಿ ಸಿಸ್ಟರ್ ಕೋಣೆಯ ಮುಂದೆ ಹುಡುಗಿಯರ ಸಾಲು. “ಒಂದು ಪಿನ್ನು ಸಿಸ್ಟರ್.” ಒಳಗೆ ಹೋದವಳು ಕಾಲು ಗಂಟೆ ಬಿಟ್ಟು ಹೊರಗೆ ಬರುತ್ತಾಳೆ, ಮುಖ ತೊಳೆದುಕೊಂಡಿರುತ್ತಾಳೆ. ಅಂಗಿಯ ಗುಂಡಿಗಳೆಲ್ಲ ಇದ್ದಲ್ಲೇ ಇವೆ. ಒಂದು ಪಿನ್ನು ಚುಚ್ಚಲು ಇಷ್ಟು ಹೊತ್ತೇ?

ಅದೊಂದು ಒಪ್ಪಂದ. ಯಾರು ಶುರುಮಾಡಿದರೋ ದೇವರೇ ಬಲ್ಲ. “ಪಿನ್ನು ಬೇಕು” ಎಂದರೆ ಸಿಸ್ಟರ್ ತಲೆ ಎತ್ತದೆ ಕೇಳುತ್ತಾರೆ: “ಯಾವ ಸೈಜು?” ಚಿಕ್ಕದು ಎಂದರೆ ಗೆಳತಿ ಮಾತು ಬಿಟ್ಟಿದ್ದಾಳೆ. ನಡುವಿನದು ಎಂದರೆ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಸಲು ಹೆದರಿಕೆ, ಅಥವಾ ಸಹಿ ತಾನೇ ಹಾಕಿ ಆಗಿದೆ. ದೊಡ್ಡದು ಎಂದು ಕೇಳಿದರೆ ಸಿಸ್ಟರ್ ಎದ್ದು ಬಾಗಿಲು ಹಾಕುತ್ತಾರೆ. ದೊಡ್ಡ ಪಿನ್ನು ಕೇಳಿದವಳ ಕತೆಯನ್ನು ನಾನು ಬರೆಯುವುದಿಲ್ಲ. ಆ ಮಧ್ಯಾಹ್ನ ಸಿಸ್ಟರ್ ಮೊದಲ ಬಾರಿಗೆ ತಾವಾಗಿಯೇ ಮೆಟ್ಟಿಲಡಿಯ ಕೋಣೆಗೆ ಹೋಗಿ, “ಇದು ನನ್ನೊಬ್ಬಳಿಂದ ಆಗುವ ಕೆಲಸ ಅಲ್ಲ. ಆ ನಂಬರಿಗೆ ಫೋನು ಮಾಡು” ಎಂದರು, ಮಾಡಿ ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದರು, ಎಂಬಷ್ಟು ಸಾಕು.

ಅದಾದ ಮೇಲೆ ಇಬ್ಬರಿಗೂ ಕೂಡಿಬಂತು. ಅರ್ಧ ವರ್ಷ ಕಳೆದಿತ್ತೋ ಇಲ್ಲವೋ, ಕೌನ್ಸೆಲರೇ ಒಂದು ಸಂಜೆ ಬಾಗಿಲಲ್ಲಿ ನಿಂತು “ಒಂದು ಪಿನ್ನು ಸಿಸ್ಟರ್” ಎಂದರಂತೆ. ಮನೆಯಲ್ಲಿ ಸಂಬಂಧ ನೋಡುತ್ತಿದ್ದರು.

ಸಿಸ್ಟರ್ ಅಪ್ಪಂದಿರನ್ನು ನಿಭಾಯಿಸುವುದು ಪಾರ್ಲರಿನಲ್ಲಿ. ಕಾನ್ವೆಂಟಿನ ಪಾರ್ಲರ್ ಎಂದರೆ ಬೆತ್ತದ ಕುರ್ಚಿ, ಕ್ರೋಶಾ ಹೊದಿಕೆಯ ಮೇಜು, ಪ್ಲಾಸ್ಟಿಕ್ ಹೂವು, ಪೋಪರ ಪಟ. “ಎಸ್ಸೆಸ್ಸೆಲ್ಸಿ ಆಯ್ತಲ್ಲ ಸಿಸ್ಟರ್, ಇನ್ನು ಸಾಕು, ಟಿ.ಸಿ. ಕೊಡಿ” ಎಂದು ಬಂದ ಅಪ್ಪನ ಜೊತೆ ಇವರು ವಾದ ಮಾಡುವುದಿಲ್ಲ. ಕೂರಿಸುತ್ತಾರೆ. ಚಾ ಬರುತ್ತದೆ. ಕೇಕು ಬರುತ್ತದೆ. ಕ್ಲರ್ಕ್ ಊಟಕ್ಕೆ ಹೋಗಿದ್ದಾರೆ ಎನ್ನುತ್ತಾರೆ. ಮತ್ತೆ ಚಾ. ಅವರ ಊರು, ಅಡಕೆ, ತೆಂಗು, ಬಸ್ಸಿನ ಸಮಯ ಎಲ್ಲ ವಿಚಾರಿಸಿ, “ಆರುನೂರ ಇಪ್ಪತ್ತೈದಕ್ಕೆ ಐನೂರ ನಲವತ್ತು ತೆಗೆದಿದ್ದಾಳೆ ನಿಮ್ಮ ಮಗಳು. ನಿಮ್ಮ ಮನೆತನದಲ್ಲಿ ಇದಕ್ಕಿಂತ ಹೆಚ್ಚು ತೆಗೆದವರು ಯಾರು?” ಎಂದು ಮುಗ್ಧವಾಗಿ ಕೇಳುತ್ತಾರೆ. ಯಾರೂ ಇರುವುದಿಲ್ಲ. ಮೂರನೆಯ ಚಾದ ಹೊತ್ತಿಗೆ ಅಪ್ಪ ಪಿ.ಯು.ಸಿ. ಅರ್ಜಿಗೆ ಸಹಿ ಹಾಕಿರುತ್ತಾರೆ. ಎಲ್ಲರೂ ಹಾಕುವುದಿಲ್ಲ. ಹಾಕದೆ ಟಿ.ಸಿ. ಒಯ್ದವರ ಹೆಸರು ಸಿಸ್ಟರಿಗೆ ಇವತ್ತಿಗೂ ನೆನಪಿದೆ, ಅಂಥವರ ಎರಡನೆಯ ಮಗಳು ಎಂಟಕ್ಕೆ ಸೇರಲು ಬಂದಾಗ, “ನೀವಾ? ಬನ್ನಿ, ಬನ್ನಿ, ಚಾ ಕುಡಿಯುವ” ಎನ್ನುತ್ತಾರೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನ ಮಕ್ಕಳು ಪುಟ್ಟ ಮರಿಯಮ್ಮನಿಗೆ ಹೂ ತರಬೇಕು. ಕ್ರೈಸ್ತ ಹುಡುಗಿಯರಿಗೆ ದೊತೊರ್ನ್ ಎಂಬ ಧರ್ಮಪಾಠ, ಉಳಿದವರಿಗೆ ನೀತಿಪಾಠ ಎಂದು ಬೇರೆ ಬೇರೆ ಕೂರಿಸುವ ಶಾಲೆ ಹೂವಿನ ವಿಷಯದಲ್ಲಿ ಮಾತ್ರ ಭೇದ ಮಾಡುವುದಿಲ್ಲ. ಬುಟ್ಟಿ ಖಾಲಿ ತಂದವಳಿಗೆ, “ನಿಮ್ಮ ನಾಗಬನದ ಹತ್ತಿರ ಗೋರಟೆ ಹೂವು ಉಂಟಲ್ಲ, ತರಲಿಕ್ಕೆ ಎಂತ ದಾಡಿ?” ನಾಗಬನದ ಗಿಡ ಸಿಸ್ಟರಿಗೆ ಹೇಗೆ ಗೊತ್ತೆಂದು ಹುಡುಗಿಯ ಅಜ್ಜಿ ತಿಂಗಳಾನುಗಟ್ಟಲೆ ಯೋಚಿಸಿದರಂತೆ.

ಸಿಸ್ಟರುಗಳಿಗೆ ವರ್ಗಾವಣೆ ಬರುವುದು ಬೇಸಗೆ ರಜೆಯಲ್ಲಿ. ಪ್ರಾವಿನ್ಶಿಯಲ್ ಅವರಿಂದ ಒಂದು ಕಾಗದ, ಒಂದು ಸೂಟ್‌ಕೇಸು, ಅಷ್ಟೇ. ಪಿನ್ನು ಸಿಸ್ಟರೂ ಹಾಗೆಯೇ ಘಟ್ಟದ ಮೇಲಿನ ಯಾವುದೋ ಊರಿಗೆ ಹೋದರು. ಕಪಾಟಿನ ಬೀಗದ ಕೈಯನ್ನೂ ಒಂದು ನೋಟ್‌ಬುಕ್ಕನ್ನೂ ಕೌನ್ಸೆಲರಿಗೆ ಕೊಟ್ಟಿದ್ದರು. ನೋಟ್‌ಬುಕ್ ತೆರೆದರೆ ‘8ಬಿ, ಬ್ರೆಡ್’, ‘9ಎ, ಅಪ್ಪ, ಶನಿವಾರ’, ‘10ಸಿ, ಚಪ್ಪಲಿ, ಹೇಳಬಾರದು’. ಒಂದೂ ಅರ್ಥವಾಗದೆ ಆಕೆ ಫೋನು ಮಾಡಿದರು.

“ಅದನ್ನು ಓದಲಿಕ್ಕೆ ಎಂತಕ್ಕೆ ಹೋದೆ ಮಾರಾಯ್ತಿ? ಅದು ನನಗೆ ಮರೆತುಹೋಗಬಾರದು ಅಂತ ಬರೆದದ್ದು. ಪಿನ್ನು ಎಷ್ಟು ಉಳಿದಿದೆ ನೋಡು.”

“ಇಪ್ಪತ್ತು ಇರಬಹುದು ಸಿಸ್ಟರ್.”

“ಜೂನಿಗೆ ಸಾಲದು. ಹಂಪನಕಟ್ಟೆಗೆ ಹೋಗಿ ತಾ. ಡಜನ್ ಲೆಕ್ಕದಲ್ಲಿ ಕೇಳಬೇಡ, ಮೋಸ ಮಾಡ್ತಾರೆ. ಗ್ರೋಸ್ ಕೇಳು. ನನ್ನ ಹೆಸರು ಹೇಳು, ಹತ್ತು ರೂಪಾಯಿ ಬಿಡ್ತಾರೆ. ಬಿಡದಿದ್ದರೆ ಅಂಗಡಿಯವನ ಹೆಂಡತಿಯನ್ನು ಕರೆ. ಅವಳು ನಮ್ಮಲ್ಲೇ ಕಲಿತದ್ದು.”