ಹಡಗಲಿ ಬಿಸಿಲಿಗೊಂದು ಸ್ವೆಟರು

ಹೂವಿನಹಡಗಲಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಉಲನ್ ಕೊಂಡವರನ್ನು ಊರು ಸುಮ್ಮನೆ ಬಿಡುವುದಿಲ್ಲ. ನಲವತ್ತು ಡಿಗ್ರಿ ಬಿಸಿಲು. ಫ್ಯಾನು ತಿರುಗಿದರೆ ಬರುವುದೂ ಬಿಸಿಗಾಳಿಯೇ. ಅಂಥದರಲ್ಲಿ ಒಬ್ಬಾಕೆ ಕಟ್ಟೆಯ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದರೆ ಹಾದು ಹೋಗುವವರ ಬಾಯಿ ಸುಮ್ಮನಿರುತ್ತದೆಯೇ? ನಮ್ಮ ಪಕ್ಕದ ಮನೆ ಅಕ್ಕಾರಿಗೆ ಇದೆಲ್ಲ ರೂಢಿಯಾಗಿಬಿಟ್ಟಿದೆ. ಮೊನ್ನೆ ಹಾಲಿನ ಹುಡುಗ ಕೇಳಿದ: "ಯಾರಿಗ್ರೀ ಅಕ್ಕಾರ ಸ್ವೆಟರು?"

"ನಿನ್ನ ಎಮ್ಮಿಗಪಾ. ಹಾಲು ಬರೇ ನೀರಾಗಿ ಬರಾಕತ್ತೈತಿ, ಥಂಡಿ ಆಗಿರಬೇಕು ಅದಕ್ಕ."

ಹುಡುಗ ಮತ್ತೆ ಮಾತಾಡಲಿಲ್ಲ. ಮರುದಿನ ಹಾಲು ಸ್ವಲ್ಪ ಗಟ್ಟಿ ಇತ್ತು ಅಂತ ನನ್ನ ಅನುಮಾನ.

ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡಿದೆ. ಮಾತಿಗೆ ಅದು ಅಡ್ಡ ಬಂದದ್ದಿಲ್ಲ. ಮೊಣಕೈ ಊರಲಿಕ್ಕೆ ಅನುಕೂಲವೇ ಆಗಿದೆ. ಈ ಸಲದ ಉಲನ್ನಿನ ಕಥೆ ಇಷ್ಟು: ಅಕ್ಕಾರ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿ ಮಂದಿಯನ್ನು ಕಡಿಮೆ ಮಾಡುತ್ತಿದ್ದಾರೆ ಅಂತ ಸುದ್ದಿ ಬಂತು. ಯಾರು ಉಳಿದರು ಯಾರು ಹೋದರು ಅನ್ನುವುದು ತಿಂಗಳ ಕೊನೆಗೆ ಗೊತ್ತಾಗುತ್ತದಂತೆ. ಮಗ ಫೋನಿನಲ್ಲಿ "ಏನೂ ಆಗಂಗಿಲ್ಲವ್ವಾ" ಅಂದ. ತಾಯಂದಿರಿಗೆ ಭಯ ಹತ್ತುವುದೇ ಆ ಮಾತಿಗೆ. ಮರುದಿನ ಯಾವುದೋ ಮದುವೆಯ ಉಡುಗೊರೆ ತರಲು ಹೊಸಪೇಟೆಗೆ ಹೋದ ಅಕ್ಕಾರು ಉಡುಗೊರೆ ಮರೆತು ಒಂದು ಚೀಲ ಉಲನ್ ತಂದರು. ಅರಿಶಿಣ ಬಣ್ಣ, ನಡುನಡುವೆ ಪಟ್ಟಿ ಹಾಕಲು ಗಿಳಿಹಸಿರು.

"ಯಾರಿಗ ಅಂತ?" ಅಂದೆ.

"ಇನ್ನ ಗೊತ್ತಿಲ್ಲ. ಮೊದ್ಲ ಕಡ್ಡಿಗೆ ಏರ್ಲಿ, ಮೈ ಆಮ್ಯಾಲ ಸಿಗತೈತಿ."

ಅವರ ಯಜಮಾನರಿಗೆ ಈ ತರ್ಕ ಹಿಡಿಸುವುದಿಲ್ಲ. ಮಂಚದ ಕೆಳಗೆ ಈಗಾಗಲೇ ಒಂದು ದೊಡ್ಡ ಚೀಲವಿದೆ, ಅದರ ತುಂಬ ಅರ್ಧಕ್ಕೆ ನಿಂತ ಹೆಣಿಗೆ. ಅದನ್ನು ಮುಗಿಸದೆ ಹೊಸದು ಯಾಕೆ ಅನ್ನುವುದು ಅವರ ವಾದ. ಲೆಕ್ಕ ಇಟ್ಟು ಬದುಕಿದ ಮನುಷ್ಯ, ಅವರ ಮಾತು ತಪ್ಪೆನ್ನಲಾಗದು. ಒಂದು ಮಧ್ಯಾಹ್ನ ಆ ಚೀಲವನ್ನೇ ಕಾಂಪೌಂಡಿನ ಮೇಲೆ ಸುರುವಿಸಿ ನೋಡಿದೆ. ಮರೂನ್ ಬಣ್ಣದ ಒಂಟಿ ತೋಳು, ನೀಲಿ ಸ್ವೆಟರಿನ ಬೆನ್ನು, ಕಿವಿ ಮುಚ್ಚುವಷ್ಟಕ್ಕೇ ನಿಂತ ಕೂಸಿನ ಕುಲಾವಿ, ಕ್ರೋಶಾದಲ್ಲಿ ಶುರು ಮಾಡಿದ ಬಾಗಿಲ ತೋರಣ.

ಅಕ್ಕಾರು ಒಂದೊಂದನ್ನೇ ಎತ್ತಿ ಹೇಳಿದರು. "ಈ ತೋಳು ಸಣ್ಣಾಕಿ ಪಿಯುಸಿ ರಿಸಲ್ಟಿಗೆ ಕಾಯೂ ಮುಂದ ಹಾಕಿದ್ದು. ಫಸ್ಟ್ ಕ್ಲಾಸ್ ಬಂತು, ಅಲ್ಲಿಗೇ ನಿಂತೈತಿ. ಈ ನೀಲಿ ಬೆನ್ನು ಇವರ ಆಪರೇಷನ್ನಿಂದು. ಡಾಕ್ಟರು ಮನಿಗೆ ಕರಕೊಂಡು ಹೋಗ್ರಿ ಅಂದ ದಿನ ಕಡ್ಡಿ ತಗದೆ. ತೋರಣ ನಮ್ಮ ಭಾಗದ ಆಸ್ತಿ ತಕರಾರಿಂದು. ಅದು ರಾಜಿ ಆತು."

"ಪೂರ್ತಿ ಮುಗಿದದ್ದು ಒಂದೂ ಇಲ್ಲೇನು?"

"ಒಂದೈತಿ. ಬೂದು ಬಣ್ಣದ ಶಾಲು. ನಮ್ಮವ್ವ ಹಾಸಿಗಿ ಹಿಡದಾಗಿಂದು."

ಆ ಶಾಲಿನ ಬಗ್ಗೆ ನಾನು ಮತ್ತೇನೂ ಕೇಳಲಿಲ್ಲ. ಆದರೆ ಆ ಮಧ್ಯಾಹ್ನದಿಂದ ನನಗೆ ಅರ್ಧ ಹೆಣಿಗೆಯ ಮೇಲಿನ ತಾತ್ಸಾರ ಹೋಯಿತು. ಚೀಲದಲ್ಲಿದ್ದದ್ದೆಲ್ಲ ಒಳ್ಳೆಯ ಸುದ್ದಿಯೇ. ಸುದ್ದಿ ಬಂದ ಗಳಿಗೆಗೆ ಕಡ್ಡಿ ನಿಂತಿದೆ, ಅಷ್ಟೆ. ಸೋಮಾರಿತನ ಅಂತ ಯಜಮಾನರು ಎಣಿಸಿದ್ದು ಸಮಾಧಾನದ ದಾಖಲೆ. ಹಾಗಿದ್ದರೂ ಒಂದು ಸಂಶಯ ಉಳಿದಿತ್ತು, ಕೇಳಿಯೇಬಿಟ್ಟೆ: ಹೊಸ ಚಿಂತೆಗೆ ಹಳೆಯ ಉಲನ್ನನ್ನೇ ಮುಂದುವರಿಸಬಾರದೇ, ದುಡ್ಡಾದರೂ ಉಳಿಯುತ್ತದಲ್ಲ?

"ಹಳೇ ಚಿಂತಿ ಹೊಳ್ಳಿ ಹಚ್ಚಿಕೋಬೇಕೇನ ತಂಗಿ?" ಅಂದರು.

ಹೊಸ ಉಲನ್ನಿನ ಸುಖವೇ ಬೇರೆ ಬಿಡಿ. ಈ ಸಲದ್ದು ಲಡಿಯಾಗಿ ಬಂದಿತ್ತು, ಉಂಡೆ ಸುತ್ತಬೇಕಿತ್ತು. ಕಾಂಪೌಂಡಿನ ಈಚೆ ನಾನು ಎರಡೂ ಕೈ ಚಾಚಿ ನಿಂತೆ, ಮುಂಗೈಗಳಿಗೆ ಲಡಿ ಏರಿಸಿ ಆಚೆಯಿಂದ ಅಕ್ಕಾರು ಸುತ್ತತೊಡಗಿದರು. ಎಳೆ ಎಡದಿಂದ ಬಿಚ್ಚಿಕೊಂಡಾಗ ಎಡಗೈ ತುಸು ಬಗ್ಗಿಸಬೇಕು, ಬಲಕ್ಕೆ ಬಂದಾಗ ಬಲಗೈ. ಗಮನ ತಪ್ಪಿದರೆ ಎಳೆ ಹೆಬ್ಬೆರಳಿಗೆ ಸಿಕ್ಕಿ ಗಂಟಾಗುತ್ತದೆ. ಅಕ್ಕಾರು ಮೊದಲು ನಾಲ್ಕು ಬೆರಳಿಗೆ ಸುತ್ತಿ, ಅದನ್ನು ಜಾರಿಸಿ ತೆಗೆದು ಅಡ್ಡ ಸುತ್ತಿ, ಆಮೇಲೆ ತಿರುವಿ ತಿರುವಿ ಉಂಡೆ ಮಾಡುತ್ತಾರೆ. ಬಿಗಿಯಾಗಿ ಸುತ್ತಿದರೆ ಎಳೆಯ ಮೆತ್ತನೆ ಹೋಗುತ್ತದೆ ಅಂತ ತಮ್ಮ ಎರಡು ಬೆರಳನ್ನು ಒಳಗಿಟ್ಟೇ ಸುತ್ತುತ್ತಾರೆ. ಅಷ್ಟು ಹೊತ್ತೂ ಒಳಗೆ ನನ್ನ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಕೈ ಎರಡೂ ಕಟ್ಟಿಹಾಕಿದ್ದಾವೆ, ಏನು ಮಾಡುವುದು? ಹೆಣಿಗೆಯಿಂದ ಮನಸ್ಸಿಗೆ ನೆಮ್ಮದಿ ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಪಾಲು ಇದೇ ಇರಬೇಕು.

ಉಳಿದರ್ಧಕ್ಕೆ ಸಂಶೋಧನೆಯೂ ಇದೆ. 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿಯ ಪತ್ರಿಕೆಯೊಂದು ಬೇರೆ ಬೇರೆ ದೇಶಗಳ 3,545 ಹೆಣಿಗೆಗಾರರನ್ನು ಕೇಳಿ ತಿಳಿದದ್ದನ್ನು ಪ್ರಕಟಿಸಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತವಾಗಿ, ಖುಷಿಯಾಗಿ ಇರುತ್ತೇವೆ ಅಂದರಂತೆ. ಹೆಣೆಯುವವರನ್ನೇ ಹಿಡಿದು ಕೇಳಿದರೆ ಇನ್ನೇನು ಹೇಳಿಯಾರು? ಮೈಲಾರದ ಜಾತ್ರೆಯಲ್ಲಿ ನಿಂತು ಮೈಲಾರಲಿಂಗನ ಮೇಲೆ ಭಕ್ತಿ ಉಂಟೋ ಅಂತ ವಿಚಾರಿಸಿದ ಹಾಗಾಯಿತು. ಅಕ್ಕಾರಿಗೆ ಇದನ್ನು ಓದಿ ಹೇಳಿದರೆ, "ಅಷ್ಟು ಮಂದೀನ ಕೇಳೂ ಹೊತ್ತಿಗೆ ಒಂದು ಶಾಲು ಆಗತಿತ್ತು" ಅಂದರು.

ಮೈಲಾರ ಅಂದಮೇಲೆ ನೆನಪಾಯಿತು, ಬಿಸಿಲಲ್ಲಿ ಉಣ್ಣೆ ಯಾಕೆ ಅಂತ ನಮ್ಮ ತಾಲೂಕಿನವರು ನಗುವುದೇ ಸರಿಯಲ್ಲ. ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಗೊರವಯ್ಯಗಳು ಉರಿಬಿಸಿಲಲ್ಲೂ ಕರಿ ಕಂಬಳಿ ತೊಟ್ಟೇ ಕುಣಿಯುತ್ತಾರೆ. ಕುರಿ ಕಾಯುವವರ ಹೆಗಲ ಮೇಲೆ ಮಳೆ ಬಿಸಿಲು ಎರಡಕ್ಕೂ ಕಂಬಳಿಯೇ. ಆ ಕಂಬಳಿಯ ಕೆಲಸವೇನು ಸಣ್ಣದೇ! ಉಣ್ಣೆ ಕತ್ತರಿಸಿ, ಹಿಂಜಿ, ಹೆಣ್ಣುಮಕ್ಕಳು ನೂತು ಕೊಟ್ಟ ಮೇಲೆ ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ ಮಗ್ಗಕ್ಕೆ ಏರಿಸಬೇಕು. ಚಳ್ಳಕೆರೆಯ ಕಂಬಳಿಗೆ ಇವತ್ತೂ ಹೆಸರಿದೆ. ನಮ್ಮ ಬಳ್ಳಾರಿ ತಳಿಯ ಕುರಿಯ ಉಣ್ಣೆ ಮಾತ್ರ ಒರಟು, ಕೂಸಿನ ಮೈಗೆ ಚುಚ್ಚುತ್ತದೆ. ಅದಕ್ಕೇ ಅಂಗಡಿಯ ಉಲನ್. ಅದರಲ್ಲಿ ಕುರಿಯ ಪಾಲು ಬಹುತೇಕ ಇರುವುದೇ ಇಲ್ಲ, ಲೂಧಿಯಾನಾದ ಕಡೆಯಿಂದ ಬರುವ ಅಕ್ರಿಲಿಕ್ ಅದು. ಒಗೆದರೂ ಬಣ್ಣ ನಿಲ್ಲುತ್ತದೆ, ನುಸಿ ಮುಟ್ಟುವುದಿಲ್ಲ. ಕುರಿಗಾದರೂ ಬೇಜಾರಾಗಲಿ, ನಮಗೇನು.

ದಾರ ಅನ್ನುವುದು ನಮ್ಮೂರ ಹೆಂಗಸರ ಕೈಗೆ ಹೊಸದೂ ಅಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯೇ ಇದೆ. ನಸುಕಿನಲ್ಲಿ ಮೊಗ್ಗು ಬಿಡಿಸಿ ಕಟ್ಟುವ ಬೆರಳುಗಳ ವೇಗ ನೋಡಿದರೆ ಕಡ್ಡಿ ಹಿಡಿದವರು ನಾಚಬೇಕು. ಆದರೆ ಮಲ್ಲಿಗೆ ಕಟ್ಟಿ ಯಾರ ಚಿಂತೆಯೂ ಕಡಿಮೆಯಾದದ್ದು ನಾನು ಕಂಡಿಲ್ಲ. ಮೊಗ್ಗು ಅರಳುವ ಮೊದಲು ಕಟ್ಟಬೇಕು, ಬಸ್ಸಿಗೆ ಹಾಕಬೇಕು, ರೇಟು ಎಷ್ಟೋ ಏನೋ. 2020ರ ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತಲ್ಲ. ಗುಡಿ ಇಲ್ಲ, ಮದುವೆ ಇಲ್ಲ, ಸೀಸನ್ನಿನ ಹೂವಿಗೆ ಕೇಳುವವರಿಲ್ಲ. ಹೂವು ಕಾಯುವುದಿಲ್ಲ, ಉಲನ್ ಎಷ್ಟು ದಿನ ಬೇಕಾದರೂ ಕಾಯುತ್ತದೆ. ಆ ದಿನಗಳಲ್ಲಿ ಅಂಗಡಿ ಬಂದಾಗಿ ಹೊಸ ಉಲನ್ ಸಿಗದೆ ಅಕ್ಕಾರು ಮಕ್ಕಳ ಹಳೆಯ ಸ್ವೆಟರುಗಳನ್ನೇ ಬಿಚ್ಚಿದರು. ಬಿಚ್ಚಿದ ಎಳೆ ಗುಂಗುರಾಗಿಯೇ ಇರುತ್ತದೆ. ಲಡಿ ಮಾಡಿ ನೀರಲ್ಲಿ ನೆನೆಸಿ, ಕೆಳಗೆ ಭಾರ ಕಟ್ಟಿ ತೂಗುಹಾಕಿದರೆ ನೆಟ್ಟಗಾಗುತ್ತದೆ. ಒಂದು ವಾರ ಅವರ ಹಿತ್ತಲ ತಂತಿಗೆ ಬಣ್ಣಬಣ್ಣದ ಲಡಿಗಳು, ಅವಕ್ಕೆ ಜೋತುಬಿದ್ದ ಹಿತ್ತಾಳೆ ತಂಬಿಗೆಗಳು.

ದಾರಕ್ಕೆ ಲೆಕ್ಕ ಕಟ್ಟಿದರೆ ಸುಖ ಹೋಗುತ್ತದೆ ಅನ್ನಲು ಗಾಂಧೀಜಿಯ ಕಾಲದ ಉದಾಹರಣೆಯೇ ಇದೆ. 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಸದಸ್ಯರಾಗಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅಂತ ನಿಯಮ ಮಾಡಿದರು. ಗಾಂಧೀಜಿಗೆ ಚರಕ ಧ್ಯಾನವಾಗಿದ್ದೀತು, ಉಳಿದವರಿಗೆ ಅದು ಚಂದಾ ಹಣವಾಯಿತು. ನಿಯಮ ವರ್ಷ ತುಂಬುವ ಮೊದಲೇ ಸಡಿಲವಾಯಿತು.

ಅಕ್ಕಾರಿಗೆ ಗಜದ ಲೆಕ್ಕವಿಲ್ಲ, ಆದರೆ ಲಾಟ್ ನಂಬರಿನ ಲೆಕ್ಕ ಬಲು ಬಿಗಿ. ಒಂದೇ ಬಣ್ಣ, ಒಂದೇ ಶೇಡು ಅಂದರೂ ಲಾಟ್ ಬದಲಾದರೆ ಅದ್ದಿದ ಬಣ್ಣ ಒಂದೆಳೆ ಹೆಚ್ಚುಕಡಿಮೆ ಇರುತ್ತದೆ. ಸ್ವೆಟರಿನ ಎದೆಯ ಮೇಲೆ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಎರಡು ಲಡಿ ಜಾಸ್ತಿ ತರುವುದು. ಯಜಮಾನರಿಗೆ ಕೊಡುವ ಕಾರಣ ಇದು. ನಿಜವೂ ಹೌದು. ಪೂರ್ತಿ ನಿಜವಲ್ಲ.

ಹತ್ತನೇ ನಂಬರ್ ಕಡ್ಡಿಗೆ ಅರಿಶಿಣ ಬಣ್ಣ ಏರಿತು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬೆನ್ನು ಮುಗಿಯುವ ಹೊತ್ತಿಗೆ ಮೈಯೂ ಸಿಕ್ಕಿತು, ಬೆಂಗಳೂರಿನ ನನ್ನ ಮೊಮ್ಮಗನದು. ಅಳತೆಗೆ ಅವನ ಅಂಗಿಯೊಂದನ್ನು ಕಾಂಪೌಂಡ್ ದಾಟಿಸಿದೆ. ಅಲ್ಲಿಂದ ನನ್ನ ಪರಿಸ್ಥಿತಿ ಸಂಕಟಕ್ಕೆ ಬಂತು. ಅಕ್ಕಾರ ಮಗನ ಕೆಲಸ ಉಳಿಯಲಿ ಅಂತ ಮನಸಾರೆ ಬೇಡಿಕೊಳ್ಳುತ್ತಿದ್ದೆ. ಆದರೆ ಚೀಲದ ಇತಿಹಾಸ ಗೊತ್ತಿದ್ದವಳಾದ್ದರಿಂದ, ದೇವರೇ, ತೋಳು ಎರಡೂ ಆದಮೇಲೆ ಉಳಿಸು ಅಂತ ಒಳಗೊಳಗೇ ಸೇರಿಸುತ್ತಿದ್ದೆ.

ದೇವರು ಮೊದಲ ಅರ್ಧ ಮಾತ್ರ ಕೇಳಿಸಿಕೊಂಡ. ತಿಂಗಳ ಕೊನೆಗೆ ಫೋನು ಬಂತು, ಕೆಲಸ ಉಳಿದಿದೆ. ಅಕ್ಕಾರು ಪೇಢೆ ಡಬ್ಬಿ ಹಿಡಿದು ಕಾಂಪೌಂಡಿಗೆ ಬಂದರು. ಡಬ್ಬಿಯ ಜೊತೆಗೆ ಎದೆ, ಬೆನ್ನು, ಕೊರಳು ಎಲ್ಲ ಜೋಡಿಸಿ ಮುಗಿಸಿದ ಸ್ವೆಟರೂ ಇತ್ತು. ಕೈ ಇರುವ ಕಡೆ ಎರಡು ತೂತು.

"ತೋಳು?" ಅಂದೆ.

"ಇದು ಹಾಫ್ ಸ್ವೆಟರ್ ತಂಗಿ," ಅಂದರು ಅಕ್ಕಾರು, "ಮೊದಲಿಂದೂ ಹಾಫೇ ಅನಕೊಂಡಿದ್ದೆ."